ಮೆಣಸಿನ ಗಿಡಕ್ಕೆ ಅರ್ಧ ಅಡಿ ಸಾಲಲಿಲ್ಲ

ಬೆರಳುದ್ದದ ಸಸಿ ತಾನೇ, ಎಷ್ಟು ಜಾಗ ಬೇಕು ಅಂದುಕೊಂಡು ಅರ್ಧ ಅಡಿಗೊಂದರಂತೆ ಒಂದೇ ಸಾಲಿನಲ್ಲಿ 12 ಮೆಣಸಿನ ಸಸಿ ನೆಟ್ಟಿದ್ದೆ. ಎರಡು ತಿಂಗಳಿಗೆ ಮಡಿ ತುಂಬಾ ಹಸಿರು. ನೋಡೋಕೆ ಚೆಂದ, ಕಾಯಿ ಮಾತ್ರ ಇಲ್ಲ! ಬೆಳಕಿಗಾಗಿ ಗಿಡಗಳು ಕಡ್ಡಿಯ ಹಾಗೆ ಉದ್ದ ಹೋಗಿದ್ದವು. ಒಳಗೆ ಕೈ ಹಾಕಿದರೆ ಮಧ್ಯಾಹ್ನವೂ ಎಲೆ ಒದ್ದೆ. ಕೆಳಗಿನ ಎಲೆಗಳ ಮೇಲೆ ಕಂದು ಚುಕ್ಕೆ, ಹೂವೆಲ್ಲ ನೆಲದ ಮೇಲೆ.

ಮೊದಲು ಸುಮ್ನೆ ಗೊಬ್ಬರ ಸುರಿದೆ. ಎಲೆ ಇನ್ನೂ ಜಾಸ್ತಿ ಆಯ್ತು, ಅಷ್ಟೇ.

ಕೊನೆಗೆ ಒಂದು ಸಂಜೆ, ಮಣ್ಣು ಚೆನ್ನಾಗಿ ನೆನೆಸಿ, ಪ್ರತಿ ಮೂರರಲ್ಲಿ ಎರಡು ಗಿಡ ಎತ್ತಿದೆ. ಕರುಳು ಚುರ್ ಅಂತು. ಬೇರಿನ ಸುತ್ತ ಮಣ್ಣಿನ ಹೆಂಟೆ ಒಡೆಯದಂತೆ ತೆಗೆದು, ತುದಿ ಸ್ವಲ್ಪ ಕತ್ತರಿಸಿ, ಬೇರೆ ಕಡೆ ಒಂದೂವರೆ ಅಡಿಗೊಂದು ನೆಟ್ಟೆ. ಸಾಲುಗಳ ನಡುವೆ 2 ಅಡಿ ಬಿಟ್ಟೆ. ನಾಲ್ಕು ದಿನ ಹಳೆ ಬಟ್ಟೆಯ ನೆರಳು. ಎಂಟರಲ್ಲಿ ಎರಡು ಸತ್ತವು.

ಹಳೆ ಸಾಲಿನಲ್ಲೇ ಉಳಿದುಕೊಂಡ ನಾಲ್ಕಕ್ಕೆ ಚುಕ್ಕೆ ಬಿದ್ದ ಎಲೆ ಕಿತ್ತು, ನೀರನ್ನು ಬುಡಕ್ಕೆ ಮಾತ್ರ ಹಾಕಿದೆ. ಹೊಸ ಎಲೆಗಳಲ್ಲಿ ಚುಕ್ಕೆ ಕಾಣಲಿಲ್ಲ. ಮೂರು ವಾರದಲ್ಲಿ ಹೂವು ನಿಂತು ಕಾಯಿ ಕಚ್ಚಿತು. ಈಗ ಆ ನಾಲ್ಕೇ ಗಿಡ ಬುಟ್ಟಿ ತುಂಬಿಸ್ತಿವೆ.