ಮೇಜಿನ ಮೇಲೆ ಎರೆಮಣ್ಣು, ನಡುವೆ ರೈಲು

ಮನೆಯಲ್ಲಿ ಮಾದರಿ ರೈಲು ಓಡಿಸಲು ಒಂದು ಪುಟ್ಟ ಊರು ಕಟ್ಟುತ್ತಿದ್ದೇನೆ. ಅದಕ್ಕೆ ಮೊದಲು ಮಾಡಿದ ಗುಡ್ಡವನ್ನು ಕಿತ್ತು ಕಸಕ್ಕೆ ಹಾಕಿದೆ. ಥರ್ಮಾಕೋಲ್ ಕೊರೆದು, ಪ್ಲಾಸ್ಟರ್ ಬಳಿದು, ಪಾಕೀಟಿನಲ್ಲಿ ಸಿಗುವ ಹಸಿರು ಹುಲ್ಲಿನ ಪುಡಿ ಉದುರಿಸಿದ್ದೆ. ಚೆಂದವೇ ಇತ್ತು. ಅವ್ವ ಬಂದು ನೋಡಿ, "ಯಾವೂರ ಇದು? ನಮ್ಮ ಕಡಿ ಇಷ್ಟು ಹಸರ ಎಲ್ಲಿ ಅದ?" ಅಂದಳು.

ಖರೆ ಅಲ್ವಾ? ನಾನು ಮಾಡಲು ಹೊರಟಿದ್ದು ಕಲಬುರಗಿ–ವಾಡಿ ನಡುವಿನ ಒಂದು ಸಣ್ಣ ಸ್ಟೇಷನ್. ಅಲ್ಲಿ ಕಾಣುವುದು ಕರಿ ಹೊಲ, ಬೂದು ಕಲ್ಲು, ಧೂಳು ಹಿಡಿದ ಜಾಲಿ ಗಿಡ.

ಅಳತೆ ಬೇಗ ಹೇಳಿ ಮುಗಿಸುತ್ತೇನೆ. ಹಳೆ ಪಲ್ಲಂಗದ ಮೇಲೆ 6 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್, ಅದೇ ಮೇಜು. ಮಾದರಿ ರೈಲಿನವರು ಎಚ್‌ಓ ಅನ್ನುವ ಅಳತೆ, ಅಂದರೆ ಎಲ್ಲವೂ ನಿಜದ 87ನೇ ಒಂದು ಭಾಗ. ತಿರುವಿಗೆ 18 ಇಂಚು ತ್ರಿಜ್ಯ ಇಟ್ಟಿದ್ದರಿಂದ 4 ಅಡಿ ಅಗಲ ಬೇಕೇ ಬೇಕಾಯಿತು. ಎಚ್‌ಓ ಹಳಿಯ ಅಗಲ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಅದನ್ನು 87ರಿಂದ ಭಾಗಿಸಿದರೆ 19 ಚಿಲ್ಲರೆ ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ ಹೊರದೇಶಗಳ 1435 ಮಿಲಿಮೀಟರ್ ಗೇಜಿನ ಲೆಕ್ಕದ್ದು. ಇರಲಿ ಅಂತ ಬಿಟ್ಟೆ. ಜಲ್ಲಿ ಹಾಕಿದ ಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ, ರೈಲ್ವೆಯಲ್ಲಿದ್ದ ಮಾವನ ಕಣ್ಣೊಂದು ಬಿಟ್ಟು.

ಇನ್ನು ಮಣ್ಣು. ಹೊಲದಿಂದ ಒಂದು ಚೀಲ ಎರೆಮಣ್ಣು ತಂದು, ಒಣಗಿಸಿ, ಸಾಣಿಗೆ ಹಿಡಿದು, ಫೆವಿಕಾಲ್ ನೀರಿನಲ್ಲಿ ಕಲಸಿ ದಪ್ಪಗೆ ಮೆತ್ತಿದೆ. ಮೂರನೇ ದಿನ ಹೊಲದ ತುಂಬ ಬಿರುಕು! ನೀರು ಕುಡಿದರೆ ಉಬ್ಬುವುದು, ಒಣಗಿದರೆ ಸೀಳುವುದು ಎರೆಮಣ್ಣಿನ ಗುಣ. ಮೊದಲು ಖುಷಿಪಟ್ಟೆ, ಬೇಸಿಗೆಯ ಹೊಲ ತಾನೇ ಆಯಿತು ಅಂತ. ಆಮೇಲೆ ಅಳೆದರೆ ಬಿರುಕು 3 ಮಿಲಿಮೀಟರ್. 87ರಿಂದ ಗುಣಿಸಿ ನೋಡಿ, 26 ಸೆಂಟಿಮೀಟರ್. ಎತ್ತಿನ ಕಾಲು ಸಿಕ್ಕಿಕೊಂಡೀತು.

ಎಲ್ಲ ಕೆರೆದು ತೆಗೆದೆ. ಈ ಸಲ ಹಲಗೆಗೆ ಕರಿಗಂದು ಬಣ್ಣ ಬಳಿದು, ಅದರ ಮೇಲೆ ತೆಳುವಾಗಿ ಫೆವಿಕಾಲ್ ಸವರಿದೆ. ಮಣ್ಣನ್ನು ಹಳೆ ಧೋತರದ ತುಂಡಿನಲ್ಲಿ ಸೋಸಿ, ಒಣಪುಡಿಯನ್ನೇ ಮೇಲಿಂದ ಉದುರಿಸಿದೆ. ಪದರ ತೆಳುವಾದರೆ ಬಿರುಕು ಬರುವುದಿಲ್ಲ.

ಆದರೆ ಮಣ್ಣು ಇನ್ನೊಂದು ಆಟ ಆಡಿತು. ನಾಲ್ಕು ದಿನ ಓಡಿದ ಎಂಜಿನ್ ಕಿರ್ ಕಿರ್ ಅಂದು ನಿಂತಿತು. ತಿರುವಿ ಹಾಕಿ ನೋಡಿದರೆ ಗಿಯರ್ ಸುತ್ತ ಕರಿ ಕೂದಲಿನಂತೆ ಏನೋ ಮೆತ್ತಿಕೊಂಡಿದೆ. ನಮ್ಮ ಎರೆಮಣ್ಣು ಕರಿಕಲ್ಲು ಸವೆದು ಆದದ್ದು. ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅಂಶವುಳ್ಳ ಕಣ ಇರುತ್ತದೆ. ಎಂಜಿನ್ನಿನ ಮೋಟರಿನಲ್ಲಿ ಮ್ಯಾಗ್ನೆಟ್ ಇದೆ. ಇನ್ನೇನು, ಎಳೆದುಕೊಂಡಿತು. ಕೆಟ್ಟ ಸ್ಪೀಕರಿನ ಮ್ಯಾಗ್ನೆಟ್ಟಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಇಡೀ ಹೊಲದ ಮೇಲೆ ಆಡಿಸಿದೆ. ಹಾಳೆ ಬಿಚ್ಚಿದಾಗ ಅರ್ಧ ಚಮಚ ಕರಿ ಪುಡಿ ಉದುರಿತು. ನೀವು ಹೊಲದ ಮಣ್ಣು, ಹಳ್ಳದ ಉಸುಕು ಏನೇ ಬಳಸಿದರೂ ಅಂಟಿಸುವ ಮೊದಲೇ ಈ ಕೆಲಸ ಮುಗಿಸಿ.

ಜಲ್ಲಿಗೆ ಮಾತ್ರ ಮೊದಲ ಸಲವೇ ದಾರಿ ಸಿಕ್ಕಿತು. ನಮ್ಮ ರೈಲ್ವೆಯ ಜಲ್ಲಿ ದೊಡ್ಡದೆಂದರೆ 65 ಮಿಲಿಮೀಟರ್, 87ನೇ ಭಾಗ ಮುಕ್ಕಾಲು ಮಿಲಿಮೀಟರ್. ಉಪ್ಪಿಟ್ಟಿನ ರವೆಯಷ್ಟು. ರವೆಗೇ ಬಣ್ಣ ಹಾಕು ಅಂದ ಗೆಳೆಯನೊಬ್ಬ. ಇರುವೆಗೆ ಊಟ ಹಾಕಿದಂತೆ ಆಗುತ್ತಿತ್ತು! ಕ್ರಷರಿನ ಕರಿಕಲ್ಲು ಪುಡಿಯನ್ನು ಸಾಣಿಗೆ ಹಿಡಿದು, ಮ್ಯಾಗ್ನೆಟ್ ಆಡಿಸಿ ಹರಡಿದೆ. ಮೊದಲು ನೀರು ಚಿಮುಕಿಸಬೇಕು. ಆಮೇಲೆ ಒಂದು ಪಾಲು ಫೆವಿಕಾಲಿಗೆ ಎರಡು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಸಿರಿಂಜಿನಿಂದ ಹನಿ ಹನಿಯಾಗಿ ಬಿಡಬೇಕು. ಸೋಪು ಇಲ್ಲದಿದ್ದರೆ ಹನಿ ಮೇಲೆಯೇ ಗುಂಡಗೆ ಕೂತು ಕಲ್ಲನ್ನು ಸರಿಸಿಬಿಡುತ್ತದೆ.

ಶಹಾಬಾದ ಪರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಟೆ ಬೂದು ಕಲ್ಲು, ಇಲ್ಲದೆ ನಮ್ಮ ಕಡೆಯ ಸ್ಟೇಷನ್ ಆಗುತ್ತದೆಯೇ? ಪಾಲಿಶ್ ಮಷೀನಿನ ಹತ್ತಿರ ಬಿದ್ದ ಚಕ್ಕೆ ಆರಿಸಿ ತಂದೆ. ನಿಜವಾದ ಕಲ್ಲೇ ನಿಜದಂತೆ ಕಾಣಲಿಲ್ಲ, ದಪ್ಪ ಜಾಸ್ತಿ. 3 ಸೆಂಟಿಮೀಟರ್ ಪರ್ಸಿ ಇಲ್ಲಿ ಮಿಲಿಮೀಟರಿನ ಮೂರನೇ ಒಂದು ಪಾಲು ಆಗಬೇಕು. ಅಷ್ಟೇ ದಪ್ಪದ್ದು ಮನೆಯಲ್ಲೇ ಇತ್ತು: ಲಗ್ನಪತ್ರಿಕೆ. ಕಪಾಟಿನಲ್ಲಿ ಕೂಡಿದ್ದ ಪತ್ರಿಕೆಗಳನ್ನೆಲ್ಲ ಚಿಕ್ಕ ಚಿಕ್ಕದಾಗಿ ಕತ್ತರಿಸಿ, ಬೂದು ಬಣ್ಣಕ್ಕೆ ಚೂರು ನೀಲಿ ಸೇರಿಸಿ ಬಳಿದೆ. ಪ್ಲಾಟ್‌ಫಾರ್ಮಿಗೆ ಹಾಸಿದೆ, ಕಂಪೌಂಡಿಗೆ ನಿಲ್ಲಿಸಿದೆ. ಅಂಚು ಅಲ್ಲಲ್ಲಿ ಚಿವುಟಿದೆ, ಯಾಕೆಂದರೆ ಒಡೆಯದ ಪರ್ಸಿ ಎಲ್ಲೂ ಇಲ್ಲ.

ಹಳಿಯ ಆಚೆ ತೊಗರಿ ಹೊಲ. ಪೊರಕೆಯ ನಾರು ಎರಡು ಸೆಂಟಿಮೀಟರ್ ಕತ್ತರಿಸಿ ಸಾಲಾಗಿ ನೆಟ್ಟೆ. ಹೂವಿಗೆ ಅರಿಶಿನ ಉದುರಿಸಿದ್ದು ತಪ್ಪಾಯಿತು. ಕಿಟಕಿಯ ಬಿಸಿಲಿಗೆ ತಿಂಗಳೊಳಗೆ ಬಿಳಿಚಿತು. ಈಗ ಅಕ್ರಿಲಿಕ್ ಹಳದಿ, ಹಲ್ಲುಜ್ಜುವ ಬ್ರಷ್ಷಿನಿಂದ ಚಿಮ್ಮಿಸಿದ್ದು.

ಹಳಿಯ ಮೇಲ್ಗಡೆ ಕರೆಂಟಿನ ತಂತಿ ಎಳೆದಿಲ್ಲ. ನನ್ನದು ಡೀಸೆಲ್ ಎಂಜಿನ್ ಕಾಲ. ಅದಕ್ಕೇ ಪ್ಲಾಟ್‌ಫಾರ್ಮಿನಲ್ಲಿ ಬರೆದ ಗಾಡಿಗಳ ಪಟ್ಟಿಯಲ್ಲಿ ಊರಿನ ಹೆಸರು 'ಗುಲಬರ್ಗಾ' ಅಂತಲೇ ಇದೆ. ಊರು ಕಲಬುರಗಿ ಆದದ್ದು 2014ರಲ್ಲಿ. ಮಗಳು ಅದನ್ನು ಎರಡು ಸಲ ತಿದ್ದಿದ್ದಾಳೆ, ನಾನು ಎರಡು ಸಲ ಮತ್ತೆ ಬರೆದಿದ್ದೇನೆ.