ಆನೆ ಗುಂಪು ಇರಲಿ, ರೀಲ್ಸ್ ಹೋಗಲಿ: ತೋಟದ ಮನೆಯಲ್ಲಿ ಫೋನ್ ಚಟ ಬಿಡುವುದು ಹೇಗೆ

ಫೋನ್ ಚಟ ಬಿಡಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ, ರಾತ್ರಿ ಆಫ್ ಮಾಡಿ ಬೀರುವಿನಲ್ಲಿಡಿ ಅಂತ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ತೋಟದಲ್ಲಿ ಇರುವವರಿಗೆ ಅದು ಆಗುವ ಮಾತಲ್ಲ. ಕಾಡಾನೆ ಯಾರ ತೋಟದಲ್ಲಿದೆ ಅಂತ ನಮಗೆ ಗೊತ್ತಾಗುವುದೇ ವಾಟ್ಸಾಪ್‌ನ ಆನೆ ಗುಂಪಿನಿಂದ. ಬೆಳಿಗ್ಗೆ ಆಳುಗಳನ್ನು ಯಾವ ಕಡೆ ಕೆಲಸಕ್ಕೆ ಕಳಿಸಬೇಕು, ಮಕ್ಕಳು ಯಾವ ದಾರಿಯಲ್ಲಿ ಬಸ್ಸಿಗೆ ಹೋಗಬೇಕು, ಎಲ್ಲಾ ಆ ಮೆಸೇಜ್ ನೋಡಿಯೇ ತೀರ್ಮಾನ. ಕಾಫಿ ರೇಟು, ಮಳೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬಿತ್ತು ಅನ್ನುವುದೂ ಅಲ್ಲೇ.

ರೀಲ್ಸ್ ಇರುವುದೂ ಅದೇ ಫೋನಿನಲ್ಲಿ. ಹೋದ ಕೊಯ್ಲಿನ ಸಮಯದಲ್ಲಿ ರಾತ್ರಿ ಹತ್ತಕ್ಕೆ ಆನೆ ಗುಂಪು ನೋಡಲು ಫೋನ್ ತೆಗೆಯುತ್ತಿದ್ದೆ, ಅದಕ್ಕೆ ಒಂದು ನಿಮಿಷ ಸಾಕು, ಆಮೇಲೆ ಹೆಬ್ಬೆರಳು ತಾನಾಗಿಯೇ ಪಕ್ಕದ ಆ್ಯಪ್ ಒತ್ತಿ, ಯಾರದೋ ಅಡುಗೆ, ಯಾರದೋ ಜಗಳ, ಯಾರದೋ ಮದುವೆ ನೋಡ್ತಾ ನೋಡ್ತಾ ರಾತ್ರಿ ಒಂದು ಗಂಟೆ ಆಗಿರುತ್ತಿತ್ತು. ಬೆಳಿಗ್ಗೆ ಕಣದಲ್ಲಿ ನಿಂತರೆ ಕಣ್ಣು ಉರಿ. ಮಗಳು ಒಂದು ಮಾತನ್ನು ಎರಡು ಸಲ ಹೇಳಬೇಕಾಗುತ್ತಿತ್ತು. ಅದೇ ನನಗೆ ತುಂಬಾ ನೋವು ಕೊಟ್ಟದ್ದು.

ಹಾಗಾಗಿ ಫೋನ್ ಬಿಡಿ ಅಂತ ನಾನು ಹೇಳುವುದಿಲ್ಲ. ನಿಮಗೆ ಬೇಕಾಗಿ ಬರುವ ಸದ್ದು ಯಾವುದು, ನಿಮ್ಮನ್ನು ಎಳೆದುಕೊಳ್ಳಲು ಬರುವ ಸದ್ದು ಯಾವುದು ಅಂತ ಬೇರೆ ಮಾಡಿ. ಕೆಲಸ ಇಷ್ಟೇ.

ನನ್ನ ಮನಸ್ಸೇ ಗಟ್ಟಿ ಇಲ್ಲ ಅಂತ ಬೈದುಕೊಳ್ಳಬೇಡಿ. ಫೋನಿನಲ್ಲಿ ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ವಿನ್ಯಾಸಕಾರ ಅಜಾ ರಸ್ಕಿನ್ ಅವರೇ ಆಮೇಲೆ ಅದಕ್ಕೆ ಪಶ್ಚಾತ್ತಾಪ ಪಟ್ಟರು. ಮೊದಲು ಪುಟ ಮುಗಿಯುತ್ತಿತ್ತು, ಮುಂದಕ್ಕೆ ಹೋಗಲು ಒತ್ತಬೇಕಿತ್ತು, ಅಷ್ಟರಲ್ಲಿ ಸಾಕು ಅಂತ ಅನ್ನಿಸಲು ಜಾಗ ಇತ್ತು. ಈಗ ಆ ಜಾಗವೇ ಇಲ್ಲ. ಇನ್ನೊಂದು, ಮುಂದಿನದು ಚೆನ್ನಾಗಿರುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಬಿ.ಎಫ್. ಸ್ಕಿನ್ನರ್ ಅನ್ನುವ ಮನಶ್ಶಾಸ್ತ್ರಜ್ಞರು ಪಾರಿವಾಳಗಳಲ್ಲಿ ನೋಡಿದ್ದು ಇದನ್ನೇ. ಯಾವ ಕುಕ್ಕಿಗೆ ಕಾಳು ಬೀಳುತ್ತದೆ ಅಂತ ಗೊತ್ತಿಲ್ಲದಿದ್ದರೆ ಹಕ್ಕಿ ಬಿಡದೆ ಕುಕ್ಕುತ್ತಲೇ ಇರುತ್ತದೆ. 2020ರ ಜೂನ್ ಕೊನೆಗೆ ಸರ್ಕಾರ ಟಿಕ್‌ಟಾಕ್ ನಿಲ್ಲಿಸಿದಾಗ ಕಾಟ ತಪ್ಪಿತು ಅಂದುಕೊಂಡವರು ತುಂಬಾ ಜನ. ಜುಲೈನಲ್ಲಿ ಇನ್‌ಸ್ಟಾಗ್ರಾಮ್‌ನ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್‌ನ ಶಾರ್ಟ್ಸ್ ಬಂತು.

ಮೊದಲು ವಾಟ್ಸಾಪ್ ಹಿಡಿಯಿರಿ. ಆನೆ ಗುಂಪು ತೆರೆದು, ಮೇಲಿನ ಹೆಸರು ಒತ್ತಿ, ನೋಟಿಫಿಕೇಶನ್ ಅಂತ ಇರುವಲ್ಲಿ ಅದಕ್ಕೆ ಮಾತ್ರ ಬೇರೆ ಟೋನ್ ಕೊಡಿ, ಜೋರಾದ್ದು, ಬೇರೆ ಯಾವುದಕ್ಕೂ ಇಲ್ಲದ್ದು. ಉಳಿದ ಗುಂಪುಗಳನ್ನೆಲ್ಲ ಮ್ಯೂಟ್ ಮಾಡಿ. ಎಂಟು ಗಂಟೆ, ಒಂದು ವಾರ, ಯಾವಾಗಲೂ ಅಂತ ಮೂರು ಆಯ್ಕೆ ಬರುತ್ತವೆ, ಮೂರನೆಯದು ಒತ್ತಿ. ಸಂಬಂಧಿಕರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡಿ, ಮ್ಯೂಟ್ ಮಾಡಿದ್ದು ಅವರಿಗೆ ಗೊತ್ತಾಗುವುದಿಲ್ಲ. ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಫೋಟೋ, ವಿಡಿಯೋ ತಾನೇ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿ.

ಆನೆ ಗುಂಪಿನಲ್ಲೂ ಗುಡ್ ಮಾರ್ನಿಂಗ್ ಹೂವು ಬರುತ್ತದೆ ಅಲ್ವಾ? ಅದಕ್ಕಿಂತ ಕೆಟ್ಟದ್ದು ಎರಡು ವರ್ಷದ ಹಿಂದಿನ ಆನೆ ವಿಡಿಯೋ. ಅದನ್ನು ನೋಡಿ ಹೆದರಿ ಮನೆಯಲ್ಲೇ ಕೂತು ದಿನದ ಕೂಲಿ ಕಳೆದುಕೊಂಡವರನ್ನು ನಾನು ಬಲ್ಲೆ. ಅಡ್ಮಿನ್ ಹತ್ತಿರ ಮಾತಾಡಿ, ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿಸಿ. ನಾಲ್ಕೈದು ಊರಿಗೆ ಒಬ್ಬೊಬ್ಬರು ಅಡ್ಮಿನ್ ಇರಲಿ, ಆನೆ ಕಂಡವರು ಅವರಿಗೆ ಫೋನ್ ಮಾಡಲಿ. ಸ್ವಲ್ಪ ಜಗಳ ಆಗುತ್ತದೆ. ಆದರೂ ಮಾಡಿಸಿ, ಇದು ಜೀವದ ವಿಷಯ.

ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಪೂರ್ತಿ ಅಳಿಸಿ, ಆಫ್ ಮಾಡಿ. ತೆರೆದ ತಕ್ಷಣ ಬರುವ ವಿಡಿಯೋಗಳ ಸಾಲು ಖಾಲಿ ಆಗುತ್ತದೆ. ಕಾಳುಮೆಣಸಿನ ರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣ ಮಾಡುವುದು ಹೇಗೆ ಅಂತ ಹುಡುಕಿದರೆ ಅದು ಸಿಗುತ್ತದೆ, ಮೊದಲ ಪುಟದಲ್ಲಿ ಕರೆಯದೆ ಬರುವವು ಇರುವುದಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದು. ಇನ್‌ಸ್ಟಾಗ್ರಾಮ್ ಆ್ಯಪ್ ತೆಗೆದೇಬಿಡಿ. ಖಾತೆ ಅಲ್ಲೇ ಇರುತ್ತದೆ, ನೆಂಟರ ಮದುವೆ ಫೋಟೋ ಬೇಕಾದರೆ ಭಾನುವಾರ ಬ್ರೌಸರ್‌ನಲ್ಲಿ ನೋಡಬಹುದು.

ತೆಗೆಯಲು ಮನಸ್ಸಿಲ್ಲದವರು ಆಂಡ್ರಾಯ್ಡ್ ಫೋನಿನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಅಂತ ಟೈಮರ್ ಇಡಿ. ಇಲ್ಲಿ ಒಂದು ತೂತು ಇದೆ. ಆ ಟೈಮರ್ ಮಧ್ಯರಾತ್ರಿಗೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹನ್ನೆರಡರವರೆಗೆ ಎದ್ದಿದ್ದರೆ ಇನ್ನೂ ಇಪ್ಪತ್ತು ನಿಮಿಷ ಸಿಕ್ಕಂತೆ. ಅದಕ್ಕೆ ಬೆಡ್‌ಟೈಮ್ ಮೋಡ್ ಕೂಡ ಬೇಕು, ಒಂಬತ್ತೂವರೆಗೆ ಪರದೆ ಕಪ್ಪು ಬಿಳುಪು ಆಗುವ ಹಾಗೆ ಇಡಿ. ಬಣ್ಣ ಹೋದ ರೀಲ್ಸ್ ಬೇಗ ಬೇಸರ ಬರುತ್ತದೆ. ಆದರೆ ಬೆಡ್‌ಟೈಮ್ ಮೋಡ್ ಜೊತೆಗೆ ಡು ನಾಟ್ ಡಿಸ್ಟರ್ಬ್ ಕೂಡ ಆನ್ ಆಗುತ್ತದೆ, ಹಾಗೇ ಬಿಟ್ಟರೆ ಆನೆ ಮೆಸೇಜಿನ ಸದ್ದೂ ಬರುವುದಿಲ್ಲ. ಆ ಒಂದನ್ನು ಮರೆಯದೆ ಆಫ್ ಮಾಡಿ. ಫೋನಿಂದ ಫೋನಿಗೆ ಹೆಸರು ಸ್ವಲ್ಪ ಬೇರೆ ಇರುತ್ತದೆ, ಹುಡುಗರ ಹತ್ತಿರ ಕೇಳಿ ಮಾಡಿಸಿಕೊಳ್ಳಿ.

ಮೊದಲ ಒಂದು ವಾರ ಕೈ ಸುಮ್ನೆ ಜೇಬಿಗೆ ಹೋಗುತ್ತದೆ. ಹೋಗಲಿ. ಇಷ್ಟೆಲ್ಲ ಮಾಡಿಯೂ ನಿದ್ದೆ, ಓದು, ಕೆಲಸ ಕೆಡುತ್ತಿದ್ದರೆ, ಅದರಲ್ಲೂ ಮನೆಯ ಮಕ್ಕಳು ಫೋನ್ ಕಿತ್ತುಕೊಂಡರೆ ರೇಗಾಡುತ್ತಿದ್ದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ.

ಕೊನೆಗೆ ಫೋನ್ ಇಡುವ ಜಾಗ. ಚಾರ್ಜರ್ ಮಲಗುವ ಕೋಣೆಯಿಂದ ತೆಗೆದು ಹಜಾರದಲ್ಲಿ ಹಾಕಿ. ಬೆಳಿಗ್ಗೆ ಏಳಲು ಪೇಟೆಯಿಂದ ಒಂದು ಅಲಾರಂ ಗಡಿಯಾರ ತನ್ನಿ. ಇವತ್ತು ರಾತ್ರಿಯೇ ನೀವು ಬಾಗಿಲು ಹಾಕಿಕೊಂಡು ಮಲಗಿ, ಮನೆಯವರು ಯಾರಾದರೂ ಹಜಾರದಲ್ಲಿ ಆನೆ ಗುಂಪಿನ ಟೋನ್ ಬಾರಿಸಲಿ. ಮಳೆ ಜೋರಾಗಿ ಹೊಡೆಯುವಾಗ ಇನ್ನೊಂದು ಸಲ ಬಾರಿಸಿ ನೋಡಿ. ಕೇಳಿಸದಿದ್ದರೆ ಫೋನನ್ನು ಬಾಗಿಲಿನ ಹತ್ತಿರಕ್ಕೆ ತನ್ನಿ, ಹೊಸಿಲು ಮಾತ್ರ ದಾಟಿಸಬೇಡಿ.