ಬಂದಿದ್ದನ್ನೇ ಬರಿ

ಎಂಎಸ್ಸಿ ಫುಡ್ ಸೈನ್ಸ್‌ನ ಮೊದಲ ವರ್ಷ ನಾನೂ ಸೀನಿಯರ್‌ಗಳ ರೆಕಾರ್ಡ್ ನೋಡಿ ರೀಡಿಂಗ್ ಬರೆದವಳೇ. ಟೈಟ್ರೇಶನ್‌ನಲ್ಲಿ, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪರೀಕ್ಷೆಯಲ್ಲಿ, ನನಗೆ ಬಂದ ಸಂಖ್ಯೆ ಅವರದಕ್ಕೆ ಹೊಂದದಿದ್ದರೆ ನನ್ನದನ್ನೇ ತಿದ್ದಿಬಿಡುತ್ತಿದ್ದೆ. ಆಹಾರ ಉದ್ಯಮಕ್ಕೆ ಹೋಗುವವರು ಎಲ್ಲಕ್ಕಿಂತ ಮೊದಲು ಬಿಡಬೇಕಾದ ಚಾಳಿ ಇದು. ಕ್ವಾಲಿಟಿ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿ ಹೇಳುತ್ತಿದ್ದೇನೆ.

ಮೊದಲ ಪೆಟ್ಟು ಬಿದ್ದಿದ್ದು ಬೇಸಿಗೆ ರಜೆಯ ಟ್ರೇನಿಂಗ್‌ನಲ್ಲಿ. ಕುರುಕಲು ತಿಂಡಿಯ ಕಾರ್ಖಾನೆ, ನೈಟ್ ಶಿಫ್ಟ್. ಗಂಟೆಗೊಮ್ಮೆ ಮೆಟಲ್ ಡಿಟೆಕ್ಟರ್ ಪರೀಕ್ಷೆ ಮಾಡಬೇಕಿತ್ತು. ಕಬ್ಬಿಣ, ಕಬ್ಬಿಣವಲ್ಲದ ಲೋಹ, ಸ್ಟೇನ್‌ಲೆಸ್ ಸ್ಟೀಲ್ ಹೀಗೆ ಮೂರು ಟೆಸ್ಟ್ ಪೀಸ್. ಒಂದೊಂದನ್ನೂ ಬೆಲ್ಟ್ ಮೇಲೆ ಬಿಟ್ಟು, ಮಷಿನ್ ಹಿಡಿಯುತ್ತದಾ ನೋಡಿ ಶೀಟಿನಲ್ಲಿ ಬರೆಯಬೇಕು. ಒಂದು ರಾತ್ರಿ ಮೂರು ಗಂಟೆಗೆ ಬರೆಯುವಾಗ ನಾಲ್ಕು ಗಂಟೆಯ ಸಾಲಿಗೂ ಟಿಕ್ ಹಾಕಿಬಿಟ್ಟೆ. ಆಪರೇಟರ್ ಅಣ್ಣ ನೋಡಿದರು. ಬೈಯಲಿಲ್ಲ.

"ನೋಡಮ್ಮಾ, ನಾಲ್ಕಕ್ಕೆ ಮಷಿನ್ ಕೈಕೊಟ್ಟಿದ್ರೆ ಮೂರರಿಂದ ಬಂದ ಮಾಲೆಲ್ಲಾ ತಡೆದು ಮತ್ತೆ ಹಾಯಿಸ್ಬೇಕು. ನಿನ್ನ ಟಿಕ್ ನಂಬಿದ್ರೆ ಅದು ಲಾರಿ ಹತ್ತುತ್ತೆ."

ಆಹಾರದಲ್ಲಿ ಅಪಾಯ ಎಲ್ಲಿ ಬರಬಹುದು ಅಂತ ಮೊದಲೇ ಗುರುತಿಸಿ ತಡೆಯುವ ಪದ್ಧತಿ ಹ್ಯಾಸಪ್ (HACCP). ಪುಸ್ತಕದಲ್ಲಿ ಉರುಹೊಡೆದಿದ್ದ ಅದರ ಏಳು ತತ್ವಗಳು ನನಗೆ ಅರ್ಥವಾಗಿದ್ದು ಆ ರಾತ್ರಿ.

ಎರಡನೇ ವರ್ಷ ಪ್ರಾಜೆಕ್ಟ್. ನಮ್ಮದು ಚಳ್ಳಕೆರೆ ಕಡೆ, ಶೇಂಗಾ ಬೆಳೆಯುವ ಸೀಮೆ. ಅಮ್ಮನ ಶೇಂಗಾ ಚಟ್ನಿಪುಡಿ ಎಷ್ಟು ದಿನ ಬಾಳಿಕೆ ಬರುತ್ತದೆ ಅನ್ನುವುದನ್ನೇ ವಿಷಯ ಮಾಡಿಕೊಂಡೆ. ಅಮ್ಮ ಜೊಳ್ಳು ಬೀಜ, ಕಪ್ಪಾದ ಬೀಜ ಒಂದನ್ನೂ ಬಿಡದೆ ಆರಿಸಿ ಎಸೆಯುತ್ತಾಳೆ. ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ವಿಷ ಹೆಚ್ಚಾಗಿ ಇರುವುದು ಅಂಥ ಬೀಜಗಳಲ್ಲೇ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಮೊರ ಹಿಡಿದು ಕೂತ ಅಮ್ಮ ಮಾಡುತ್ತಿದ್ದುದು ಎಂಥ ಕೆಲಸ ಅಂತ ನನಗೆ ಆಗ ಗೊತ್ತಾಯಿತು.

ಪುಡಿಯನ್ನು ಸಾದಾ ಪಾಲಿಥೀನ್ ಕವರ್‌ಗಳಲ್ಲಿ ತುಂಬಿ 37 ಡಿಗ್ರಿಯಲ್ಲಿಟ್ಟೆ. ವಾರಕ್ಕೊಮ್ಮೆ ಅದರ ಎಣ್ಣೆ ತೆಗೆದು ಪೆರಾಕ್ಸೈಡ್ ವ್ಯಾಲ್ಯೂ, ಅಂದರೆ ಎಣ್ಣೆ ಕೆಡಲು ಶುರುವಾಗಿದೆಯಾ ಅಂತ ತೋರಿಸುವ ಸಂಖ್ಯೆ, ನೋಡುವುದು. ಸ್ಟಾರ್ಚ್ ಹಾಕಿದಾಗ ಫ್ಲಾಸ್ಕ್ ನೀಲಿಯಾಗುತ್ತದೆ. ಥಯೋಸಲ್ಫೇಟ್ ಹನಿಹನಿಯಾಗಿ ಬೀಳುತ್ತಾ ನೀಲಿ ಮಸುಕಾಗಿ, ಯಾವುದೋ ಒಂದು ಹನಿಗೆ ತಟ್ಟನೆ ಮಾಯ. ಆ ಹನಿ ತಪ್ಪಿದರೆ ಎಲ್ಲಾ ಮೊದಲಿಂದ.

ವಾರ ವಾರ ಸಂಖ್ಯೆ ಏರಿತು. ಕೊನೆಕೊನೆಗೆ ಒಂದು ವಾರ ಇಳಿಯಿತು. ಕವರ್ ಬಿಚ್ಚಿದರೆ ಕಮಟು ವಾಸನೆ ಹಿಂದಿನ ವಾರಕ್ಕಿಂತ ಜಾಸ್ತಿ, ಸಂಖ್ಯೆ ಮಾತ್ರ ಕಡಿಮೆ! ಕೈ ತಿದ್ದಲು ಹೋಗಿತ್ತು. ಗೈಡ್ ಮೇಡಂ, "ಇನ್ನೂ ಮೂರು ಸಲ ಮಾಡು, ಬಂದಿದ್ದನ್ನೇ ಬರಿ" ಅಂದರು. ಮೂರು ಸಲವೂ ಅಷ್ಟೇ ಬಂತು.

ಎಣ್ಣೆಗೆ ಗಾಳಿ ತಗುಲಿದಾಗ ಮೊದಲು ಹುಟ್ಟುವುದು ಪೆರಾಕ್ಸೈಡ್. ಅದಕ್ಕೆ ವಾಸನೆ ಇಲ್ಲ. ಅದು ಒಡೆದು ಆಲ್ಡಿಹೈಡ್‌ನಂಥವು ಆದಾಗಲೇ ಮೂಗಿಗೆ ಬಡಿಯುವುದು. ಹುಟ್ಟುವುದಕ್ಕಿಂತ ಒಡೆಯುವುದು ಹೆಚ್ಚಾದರೆ ಸಂಖ್ಯೆ ಇಳಿಯುತ್ತದೆ. ಅಂದರೆ ಪೆರಾಕ್ಸೈಡ್ ಕಡಿಮೆ ಇದೆ ಅಂದ ಮಾತ್ರಕ್ಕೆ ಮಾಲು ತಾಜಾ ಅಲ್ಲ. ಸೀನಿಯರ್ ರೆಕಾರ್ಡ್ ನಕಲು ಮಾಡಿದ್ದರೆ ಇದು ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ.

ಉಳಿದ ತಯಾರಿ ದೊಡ್ಡದೇನಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನಿಯಮಗಳಲ್ಲಿ ನಿಮಗೆ ಬೇಕಾದ ಭಾಗವನ್ನು ಓದಿಕೊಳ್ಳಿ. ಉದಾಹರಣೆಗೆ, ಕರಿಯುವ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳು) 25% ದಾಟಿದರೆ ಅದನ್ನು ಮತ್ತೆ ಬಳಸುವಂತಿಲ್ಲ. ಆಹಾರ ಸುರಕ್ಷತೆ ಕಲಿಸುವ ಅವರದೇ ಫಾಸ್ಟ್ಯಾಕ್ (FoSTaC) ತರಬೇತಿ ಇದೆ, ಮಾಡಿಕೊಳ್ಳಿ. ಎಕ್ಸೆಲ್ ಚೆನ್ನಾಗಿ ಬರಲಿ. ಆದರೆ ಸುಮ್ನೆ ಸರ್ಟಿಫಿಕೇಟ್ ಗುಡ್ಡೆ ಹಾಕಬೇಡಿ. ಅವುಗಳಿಗಿಂತ ಎರಡು ತಿಂಗಳ ನೈಟ್ ಶಿಫ್ಟ್ ಮೇಲು.

ಇಂಟರ್‌ವ್ಯೂನಲ್ಲಿ ಕೇಳಿದ್ದು, "ಪ್ರಾಜೆಕ್ಟ್‌ನಲ್ಲಿ ನೀವು ಅಂದುಕೊಂಡ ಹಾಗೆ ಬರದೇ ಇದ್ದಿದ್ದು ಏನು?" ಕಾಗದ ತೆಗೆದುಕೊಂಡು ಏರಿ ಇಳಿಯುವ ಆ ಗ್ರಾಫ್ ಬರೆದೆ. ಅರ್ಧ ಗಂಟೆ ಮಾತೆಲ್ಲಾ ಅದರ ಮೇಲೆಯೇ ನಡೆಯಿತು. "ಹಾಗಾದ್ರೆ ಈ ಪುಡಿಗೆ ಎಂಥ ಪ್ಯಾಕಿಂಗ್ ಕೊಡ್ತೀರಿ?" ಅಂದರು. ಗಾಳಿ, ಬೆಳಕು ಎರಡನ್ನೂ ತಡೆಯುವ ಫಿಲ್ಮ್, ಒಳಗೆ ನೈಟ್ರೋಜನ್ ಅಂದೆ.

ಮನೆಯಲ್ಲಿ ನೈಟ್ರೋಜನ್ ಎಲ್ಲಿಂದ ತರೋಣ? ಅಮ್ಮ ಈಗ ಒಂದೇ ದೊಡ್ಡ ಡಬ್ಬಿಯ ಬದಲು ನಾಲ್ಕು ಚಿಕ್ಕ ಸ್ಟೀಲ್ ಡಬ್ಬಿಗಳಲ್ಲಿ ಬಾಯಿಮಟ್ಟ ಒತ್ತಿ ತುಂಬುತ್ತಾಳೆ. ಒಂದು ಮುಗಿದ ಮೇಲೆಯೇ ಇನ್ನೊಂದರ ಮುಚ್ಚಳ ತೆಗೆಯುವುದು.